ಹಳೇ ಯೆಜ್ಡಿಗೆ ಸ್ಯಾಂಡ್‌ಬ್ಲಾಸ್ಟಿಂಗ್: ಮಷೀನ್ ಕೊಳ್ಳೋದಾ, ಬಾಡಿಗೆಗೆ ತರೋದಾ?

ಮೈಸೂರಲ್ಲಿ ಯಾರ ಮನೆ ಹಿತ್ತಲಲ್ಲಿ ಟಾರ್ಪಾಲ್ ಎತ್ತಿದ್ರೂ ಒಂದು ಜಾವಾನೋ ಯೆಜ್ಡಿನೋ ಸಿಕ್ಕೇ ಸಿಗತ್ತೆ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲೇ ಬಾಗಿಲು ಹಾಕಿದ್ರೂ ಗಾಡಿಗಳು ಮಾತ್ರ ಸಾಯ್ತಿಲ್ಲ. ಅಪ್ಪನ ಗಾಡಿ, ಮಾವನ ಗಾಡಿ ಅಂತ ಹೊರಗೆ ಎಳೀತಾರೆ, ಬಿಚ್ತಾರೆ, ಚಾಸಿ ತುಂಬಾ ತುಕ್ಕು ನೋಡ್ತಾರೆ, ಆಮೇಲೆ ರಾತ್ರಿ 11 ಗಂಟೆಗೆ ಮೊಬೈಲಲ್ಲಿ ಒಂದು ಬ್ಲಾಸ್ಟಿಂಗ್ ಗನ್ (ಗಾಳಿ ಒತ್ತಡದಲ್ಲಿ ಗಟ್ಟಿ ಪುಡಿ ಹೊಡೆದು ತುಕ್ಕು, ಪೇಂಟ್ ಕೀಳೋ ಗನ್) ಆರ್ಡರ್ ಮಾಡ್ತಾರೆ. ಅಲ್ಲಿಂದ ಶುರು ನೋಡಿ. ಈ ನಾಲ್ಕೈದು ವರ್ಷದಲ್ಲಿ ನಮ್ಮ ಸುತ್ತಮುತ್ತಲೇ ಮೂರು ಜನ ಇದೇ ದಾರಿ ಹಿಡಿದು ದುಡ್ಡು ಕಳ್ಕೊಂಡಿದ್ದನ್ನ ನೋಡಿದೀನಿ, ಅದರಲ್ಲಿ ಒಬ್ಬ ನಾನೇ.

ತಪ್ಪು ಎಲ್ಲಾಗತ್ತೆ ಅಂದ್ರೆ, ಎಲ್ರೂ ಗನ್ ಬೆಲೆ ನೋಡ್ತಾರೆ, ಗಾಳಿ ಬೆಲೆ ನೋಡಲ್ಲ. ಗನ್ ಸಾವಿರ ಚಿಲ್ಲರೆಗೆ ಸಿಗತ್ತೆ. ಆ ಗನ್ನಿಗೆ ಗಾಳಿ ಊದೋ ಕಂಪ್ರೆಸರ್ರೇ ಇಡೀ ಖರ್ಚು. ಹಾಗಾಗಿ ಕೊಳ್ಳೋದಾ ಬಾಡಿಗೆಗೆ ತರೋದಾ ಅನ್ನೋದು ಗನ್ ಬಗ್ಗೆ ಪ್ರಶ್ನೆನೇ ಅಲ್ಲ, ಕಂಪ್ರೆಸರ್ ಬಗ್ಗೆ.

ಮೊದಲು ಪಾರ್ಟು ಎಣಿಸಿ

ಗಾಡಿ ಪೂರ್ತಿ ಬಿಚ್ಚಿ ನೆಲದ ಮೇಲೆ ಹರಡಿ ಮೂರು ಗುಂಪು ಮಾಡಿ. ದಪ್ಪ ಕಬ್ಬಿಣ (ಚಾಸಿ, ಸ್ವಿಂಗ್ ಆರ್ಮ್, ಸ್ಟ್ಯಾಂಡು) ಒಂದು ಕಡೆ, ತೆಳು ತಗಡು (ಮಡ್‌ಗಾರ್ಡ್, ಟೂಲ್ ಬಾಕ್ಸ್) ಇನ್ನೊಂದು ಕಡೆ, ಬ್ಲಾಸ್ಟ್ ಮಾಡ್ಲೇಬಾರದ್ದು ಮತ್ತೊಂದು ಕಡೆ. ಪೆಟ್ರೋಲ್ ಟ್ಯಾಂಕು, ಕ್ರೋಮ್ ಪಾರ್ಟು, ಫೋರ್ಕ್ ಪೈಪು, ಬೇರಿಂಗ್ ಕೂರೋ ಜಾಗ, ಇಂಜಿನ್ ಒಳಭಾಗ ಎಲ್ಲಾ ಮೂರನೇ ಗುಂಪಿಗೆ. ಇಂಜಿನ್ ಕೇಸಿನ ಒಂದು ಸಂದಿಯಲ್ಲಿ ನಾಲ್ಕು ಕಾಳು ಪುಡಿ ಉಳ್ಕೊಂಡ್ರೂ ಹೊಸ ಬೇರಿಂಗ್ ತಿಂಗಳೊಳಗೆ ಕಿರುಚತ್ತೆ.

ಈಗ ಗಾಳಿ ಲೆಕ್ಕ, ಇದನ್ನ ಬಿಟ್ಟು ಓದ್ಬೇಡಿ

ಗಾಳಿ ಅಳೆಯೋದು ಸಿಎಫ್‌ಎಂನಲ್ಲಿ, ಅಂದ್ರೆ ನಿಮಿಷಕ್ಕೆ ಎಷ್ಟು ಘನ ಅಡಿ ಅಂತ. ಕೆಲವು ಕಂಪ್ರೆಸರ್ ಮೇಲೆ ನಿಮಿಷಕ್ಕೆ ಇಷ್ಟು ಲೀಟರ್ ಅಂತ ಬರೆದಿರ್ತಾರೆ, ಅದನ್ನ 28ರಿಂದ ಭಾಗಿಸಿದ್ರೆ ಸಿಎಫ್‌ಎಂ ಸಿಗತ್ತೆ. ಪಿಎಸ್‌ಐ ಅಂದ್ರೆ ಒತ್ತಡ. ಅಂಗಡಿಯವ್ರು ಯಾವಾಗ್ಲೂ ಒತ್ತಡದ ಬಗ್ಗೇನೇ ಮಾತಾಡ್ತಾರೆ, "150 ಪಿಎಸ್‌ಐ ಬರತ್ತೆ ಸಾರ್, ಬ್ಲಾಸ್ಟಿಂಗ್ ಆರಾಮಾಗಿ ಆಗತ್ತೆ" ಅಂತ. ಒತ್ತಡ ಪಂಕ್ಚರ್ ಅಂಗಡಿ ಕಂಪ್ರೆಸರಲ್ಲೂ ಬರತ್ತೆ ಸ್ವಾಮಿ, ಎಷ್ಟು ಹೊತ್ತು ನಿಲ್ಲತ್ತೆ ಅದನ್ನ ಕೇಳಿ.

2 ಎಚ್‌ಪಿ ಕಂಪ್ರೆಸರ್ ಕ್ಯಾಟಲಾಗಲ್ಲಿ 7-8 ಸಿಎಫ್‌ಎಂ ಅಂತ ಬರೆದಿರತ್ತೆ. ಅದು ಪಿಸ್ಟನ್ ಎಳ್ಕೊಳ್ಳೋ ಲೆಕ್ಕ, ಪೈಪಿಂದ ನಿಜವಾಗಿ ಆಚೆ ಬರೋದು 5-6 ಅಷ್ಟೆ. ಈ ಕಡೆ 3 ಮಿಲಿಮೀಟರ್ ಚಿಲ್ಲರೆ ನಾಜಲ್ (ಪುಡಿ ಚಿಮ್ಮೋ ಮೂತಿ) ಇರೋ ಪ್ರೆಷರ್ ಪಾಟ್ (ಪುಡಿ ತುಂಬಿ ಗಾಳಿ ಒತ್ತಡದಲ್ಲಿ ಹೊರಗೆ ದಬ್ಬೋ ಸಿಲಿಂಡರ್) 100 ಪಿಎಸ್‌ಐನಲ್ಲಿ 20 ಸಿಎಫ್‌ಎಂ ಕುಡಿಯತ್ತೆ. 5 ಮಿಮೀ ಹತ್ತಿರದ್ದಾದ್ರೆ 45. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರಲ್ಲ, ಅದೇ ಕಥೆ.

"ಟ್ಯಾಂಕ್ ದೊಡ್ಡದಿದೆಯಲ್ಲ, ಅದರಲ್ಲಿ ಸ್ಟಾಕ್ ಇರತ್ತಲ್ಲ" ಅಂತ ನಾನೂ ಅಂದ್ಕೊಂಡಿದ್ದೆ. ಲೆಕ್ಕ ಹಾಕೋಣ ಬನ್ನಿ. 100 ಲೀಟರ್ ಟ್ಯಾಂಕು 120 ಪಿಎಸ್‌ಐಯಿಂದ 60ಕ್ಕೆ ಇಳಿಯೋಷ್ಟರಲ್ಲಿ ನಿಮಗೆ ಸಿಗೋ ಗಾಳಿ ಸುಮಾರು 14 ಘನ ಅಡಿ. ನಾಜಲ್ 20 ಕುಡೀತಿದೆ, ಮೋಟರ್ 5 ತುಂಬ್ತಿದೆ, ಅಂದ್ರೆ ಒಂದು ನಿಮಿಷದೊಳಗೆ ಖಾಲಿ. ಮತ್ತೆ ತುಂಬೋಕೆ ಎರಡೂವರೆ ಮೂರು ನಿಮಿಷ. ಒಂದು ನಿಮಿಷ ಕೆಲಸ ಮೂರು ನಿಮಿಷ ಕಾಯೋದು, ಇದೇ ಥರ ಇಡೀ ಚಾಸಿ. ಸಣ್ಣ ಪಿಸ್ಟನ್ ಕಂಪ್ರೆಸರ್ ಸುಮಾರು ಅರ್ಧ ಹೊತ್ತು ಓಡಿ ಅರ್ಧ ಹೊತ್ತು ಸುಮ್ನಿರೋಕೆ ಮಾಡಿರೋದು, ನೀವು ನಿಲ್ಲಿಸದೆ ಓಡಿಸಿದ್ರೆ ಹೆಡ್ ಕಾದು ಕೆಂಡ ಆಗತ್ತೆ. ನನ್ನದು ಎರಡನೇ ದಿನ ಮಧ್ಯಾಹ್ನ ವಾಲ್ವ್ ಪ್ಲೇಟ್ ಬಿಟ್ಕೊಳ್ತು. ಒಂದು ಸ್ವಿಂಗ್ ಆರ್ಮ್, ಅದೂ ಮುಕ್ಕಾಲು, ಆಗಿತ್ತು.

ಇನ್ನೊಂದು ಯಾರೂ ಹೇಳದ ವಿಷಯ, ನಾಜಲ್ ಸವೆಯತ್ತೆ. ಅಗ್ಗದ ಗನ್ ಜೊತೆ ಬರೋ ಸೆರಾಮಿಕ್ ನಾಜಲ್ ಕೆಲವೇ ಗಂಟೆಗಳಲ್ಲಿ ತೂತು ದೊಡ್ಡದಾಗತ್ತೆ. 3 ಮಿಮೀ ಇದ್ದಿದ್ದು 4 ಆಯ್ತು ಅಂದ್ರೆ "ಒಂದೇ ಮಿಲಿಮೀಟರ್ ತಾನೆ" ಅನ್ಕೋಬೇಡಿ, ಗಾಳಿ ಕುಡಿಯೋದು ಹೆಚ್ಚುಕಮ್ಮಿ ಮುಕ್ಕಾಲು ಪಾಲು ಜಾಸ್ತಿ ಆಗತ್ತೆ. ಬೆಳಿಗ್ಗೆ ಚೆನ್ನಾಗಿ ಓಡ್ತಿದ್ದ ಸೆಟ್ ಸಂಜೆಗೆ ಉಬ್ಬಸ ಬಂದವರ ಥರ ಆಗೋದು ಇದಕ್ಕೇ. ಟಂಗ್‌ಸ್ಟನ್ ಕಾರ್ಬೈಡ್ ನಾಜಲ್ ತಗೊಳ್ಳಿ, ಕೊಂಡ್ರೂ ಅಷ್ಟೆ ಬಾಡಿಗೆ ತಂದ್ರೂ ಅಷ್ಟೆ.

ಹಾಗಾದ್ರೆ ಕೊಂಡ್ರೆ ಏನು ಕೊಳ್ಬೇಕು? ಕನಿಷ್ಠ 5 ಎಚ್‌ಪಿ, ಅದಕ್ಕೆ ಮೂರು ಫೇಸ್ ಕರೆಂಟ್. ಮನೇಲಿ ಸಿಂಗಲ್ ಫೇಸ್ ಇದ್ರೆ ಸೆಸ್ಕ್‌ಗೋ ಬೆಸ್ಕಾಂಗೋ ಅರ್ಜಿ ಹಾಕಿ ಲೋಡ್ ಹೆಚ್ಚಿಸ್ಕೋಬೇಕು. ಕಂಪ್ರೆಸರ್, ಪಾಟು, ಪೈಪು, ನೀರು ತೆಗೆಯೋ ಫಿಲ್ಟರು, ವೈರಿಂಗು ಎಲ್ಲಾ ಸೇರಿ ಲಕ್ಷದ ಹತ್ರ ಹೋಗತ್ತೆ. ಒಂದು ಗಾಡಿಗೆ? ಮೂಗಿಗಿಂತ ಮೂಗುತಿ ಭಾರ. ವರ್ಷಕ್ಕೆ ನಾಲ್ಕು ಗಾಡಿ ಮಾಡೋ ಹುಚ್ಚಿದ್ರೆ ಕೊಳ್ಳಿ. ಇಲ್ಲಾಂದ್ರೆ ಬೇಡ, ಇದರಲ್ಲಿ ಎರಡನೇ ಮಾತಿಲ್ಲ.

ಆದ್ರೆ ಒಂದು ಸಾಮಾನು ಮಾತ್ರ ಕೊಂಡಿಟ್ಕೊಳ್ಳಿ ಅಂತೀನಿ, ಟೇಬಲ್ ಮೇಲೆ ಕೂರೋ ಸಣ್ಣ ಬ್ಲಾಸ್ಟಿಂಗ್ ಕ್ಯಾಬಿನೆಟ್. ಬೋಲ್ಟು, ಬ್ರಾಕೆಟ್ಟು, ಲಿವರ್ರು ಎಲ್ಲಾ ಅದರಲ್ಲಿ ಆಗತ್ತೆ, ಧೂಳು ಹೊರಗೆ ಬರಲ್ಲ, ಪುಡಿ ವಾಪಸ್ ಸಿಗತ್ತೆ, 2 ಎಚ್‌ಪಿಯಲ್ಲಿ ಕುಂಟುತ್ತಾ ಓಡತ್ತೆ. ಸಣ್ಣ ಪಾರ್ಟಿಗೆ ಕುಂಟಿದ್ರೂ ಪರವಾಗಿಲ್ಲ.

ಬಾಡಿಗೆಗೆ ತರುವಾಗ

ಎರಡು ದಾರಿ ಇದೆ. ಪೇಂಟಿಂಗ್ ಕಂಟ್ರಾಕ್ಟರ್‌ಗಳ ಹತ್ರ ಪಾಟು ಕಂಪ್ರೆಸರ್ ಎರಡೂ ದಿನದ ಬಾಡಿಗೆಗೆ ಸಿಗತ್ತೆ, ಪೀಣ್ಯ, ಮೈಸೂರಿನ ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾ, ಬೈಕಂಪಾಡಿ ಇಂಥ ಕಡೆ ವಿಚಾರಿಸಿ. ಎರಡನೇದು ಹಳ್ಳಿ ಕಡೆಯವರಿಗೆ, ಬಾವಿಯಲ್ಲಿ ಬಂಡೆ ಕೊರೆಯೋಕೆ ಬರ್ತಾರಲ್ಲ ಟ್ರ್ಯಾಕ್ಟರ್ ಕಂಪ್ರೆಸರ್, ಅದು. ಬಂಡೆಗೆ ಡ್ರಿಲ್ ಹೊಡೆಯೋ ಗಾಳಿ ಅದು, ನಿಮ್ಮ ಚಾಸಿ ಯಾವ ಲೆಕ್ಕ. ಪಾಟ್ ಒಂದು ಸಂಪಾದಿಸ್ಕೊಂಡು ಅರ್ಧ ದಿನಕ್ಕೆ ಟ್ರ್ಯಾಕ್ಟರ್ ಕರೆಸಿದ್ರೆ ಚಾಸಿ ಸಮೇತ ಗೇಟು, ನೇಗಿಲು ಎಲ್ಲಾ ಮುಗಿಸ್ಬಹುದು. ಒಂದೇ ತೊಂದರೆ, ಆ ಗಾಳಿಯಲ್ಲಿ ಎಣ್ಣೆ ಬರತ್ತೆ. ಪೈಪ್ ತುದಿ ಬಿಳೀ ಬಟ್ಟೆಗೆ ಅರ್ಧ ನಿಮಿಷ ಹಿಡಿದು ನೋಡಿ, ಹಳದಿ ಕಲೆ ಬಿದ್ರೆ ಫಿಲ್ಟರ್ ಇಲ್ಲದೆ ಶುರು ಮಾಡ್ಬೇಡಿ, ಪ್ರೈಮರ್ ಹಿಡಿಯಲ್ಲ.

ದುಡ್ಡು ಕೊಡೋ ಮುಂಚೆ ಅಲ್ಲೇ ನಿಂತು ನೋಡ್ಬೇಕಾದ್ದು: ಪಾಟಿನ ಸೇಫ್ಟಿ ವಾಲ್ವ್ ಎಳೆದ್ರೆ ಬಿಟ್ಕೊಳ್ಳತ್ತಾ, ಹ್ಯಾಂಡಲ್ ಬಿಟ್ರೆ ಗಾಳಿ ತಾನಾಗೇ ನಿಲ್ಲತ್ತಾ, ನಾಜಲ್ ಎಷ್ಟು ಸವೆದಿದೆ (ಹೊಸದ್ರಲ್ಲಿ ಎಷ್ಟು ಮಿಮೀ ಇತ್ತು ಅಂತ ಕೇಳಿ ಅದೇ ಸೈಜಿನ ಡ್ರಿಲ್ ಬಿಟ್ ಒಳಗೆ ತೂರಿಸಿ ನೋಡಿ, ಸಡಿಲ ಆಡಿದ್ರೆ ಬೇರೆ ನಾಜಲ್ ಕೇಳಿ), ಪೈಪ್ ಜಾಯಿಂಟಲ್ಲಿ ಕ್ಲಾಂಪ್ ಸರಿ ಇದೆಯಾ. ಮತ್ತೆ ಹಳೇ ಗ್ಯಾಸ್ ಸಿಲಿಂಡರ್ ಕತ್ತರಿಸಿ ವೆಲ್ಡ್ ಮಾಡಿದ ಪಾಟು ಯಾರಾದ್ರೂ ತೋರಿಸಿದ್ರೆ ದಯವಿಟ್ಟು ವಾಪಸ್ ಬನ್ನಿ. ಯೂಟ್ಯೂಬ್ ನೋಡಿ ನಮ್ಮ ಹುಡುಗ್ರು ಇದನ್ನ ಮನೇಲೂ ಮಾಡ್ತಿದಾರೆ, ಕಾಲ ಹತ್ರ ಬಾಂಬ್ ಇಟ್ಕೊಂಡು ಕೆಲಸ ಮಾಡಿದ ಹಾಗೆ ಅದು.

ಇಷ್ಟೆಲ್ಲಾ ತಲೆನೋವು ಬೇಡ ಅಂದ್ರೆ ಚಾಸಿನ ಬ್ಲಾಸ್ಟಿಂಗ್ ಶಾಪಿಗೇ ಕೊಡಿ. ನಿಜ ಹೇಳ್ಬೇಕಂದ್ರೆ ಒಂದೇ ಗಾಡಿಗೆ ನಾನು ಹೇಳೋದು ಇದನ್ನೇ. ಆದ್ರೆ ಕೊಡುವಾಗ ಚಾಸಿ ನಂಬರನ್ನ ನೀವೇ ಮುಚ್ಚಿ ಕೊಡಿ, ಹೇಗೆ ಅಂತ ಕೆಳಗೆ ಹೇಳ್ತೀನಿ.

ಮರಳು ಅಂದ್ರೆ ಮರಳಲ್ಲ

ಹೆಸರು ಸ್ಯಾಂಡ್‌ಬ್ಲಾಸ್ಟಿಂಗ್ ಇರ್ಬಹುದು, ಹೊಳೆ ಮರಳು ಹಾಕ್ಬಾರ್ದು. ಒಡೆದ ಮರಳಿನ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತ್ರೆ ಸಿಲಿಕೋಸಿಸ್, ಅದಕ್ಕೆ ವಾಸಿ ಅನ್ನೋದಿಲ್ಲ. ಬ್ರಿಟನ್ನಲ್ಲಿ 1950ರಿಂದಲೇ ಇದಕ್ಕೆ ಮರಳು ಬಳಸೋದು ನಿಷೇಧ, ನಮ್ಮಲ್ಲೂ 1948ರ ಕಾರ್ಖಾನೆ ಕಾಯ್ದೆ ಕಾಲದಿಂದಲೇ ಸಿಲಿಕೋಸಿಸ್ ಬಂದ್ರೆ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ. "ಎಂ ಸ್ಯಾಂಡ್ ಹಾಕ್ಬಹುದಾ" ಅಂತ ಒಬ್ರು ಕೇಳಿದ್ರು. ಅದು ಗ್ರಾನೈಟ್ ಪುಡಿ ಸ್ವಾಮಿ, ಅದರಲ್ಲೂ ಸಿಲಿಕಾನೇ.

80 ಮೆಶ್ ಗಾರ್ನೆಟ್ ತಗೊಳ್ಳಿ (ಗಾರ್ನೆಟ್ ಅಂದ್ರೆ ಒಂದು ಗಟ್ಟಿ ಖನಿಜದ ಪುಡಿ, ಮೆಶ್ ಅಂದ್ರೆ ಕಾಳಿನ ಸೈಜು), ಚಾಸಿಗೂ ತಗಡಿಗೂ ಆಗತ್ತೆ, ಜರಡಿ ಹಿಡಿದು ಎರಡು ಮೂರು ಸಲ ಬಳಸ್ಬಹುದು. ಅಲ್ಯೂಮಿನಿಯಂ ಪಾರ್ಟಿಗೆ ಗ್ಲಾಸ್ ಬೀಡ್, ಅಂದ್ರೆ ಪುಟ್ಟ ಗಾಜಿನ ಮಣಿ. ಮುಖಕ್ಕೆ ಬಟ್ಟೆ ಕಟ್ಕೊಂಡ್ರೆ ಏನೂ ಉಪಯೋಗ ಇಲ್ಲ, ಧೂಳು ಸೋಸೋ ಕಾರ್ಟ್ರಿಡ್ಜ್ ಇರೋ ರೆಸ್ಪಿರೇಟರ್, ಮೇಲೆ ಪೂರ್ತಿ ಹುಡ್ ಬೇಕು. ಇವೆರಡನ್ನ ಬಾಡಿಗೆಗೆ ತರ್ಬೇಡಿ, ಸ್ವಂತದ್ದು ಕೊಳ್ಳಿ, ಇನ್ನೊಬ್ರ ಬೆವರಿನ ಹುಡ್ ಹಾಕ್ಕೊಳ್ಳೋಕೆ ಆಗಲ್ಲ. ಪಕ್ಕದ ಮನೆಯವ್ರ ಕಾರು ಆಚೆ ನಿಂತಿದ್ರೆ ಮೊದಲೇ ಹೇಳಿ ತೆಗೆಸಿ.

ಮುಚ್ಚೋದು

ಥ್ರೆಡ್ಡಿಗೆ ಹಳೇ ಬೋಲ್ಟ್ ಹಾಕಿ, ಬೇರಿಂಗ್ ಕಪ್ಪಿಗೆ ರಬ್ಬರ್ ಬಿರಡೆ ತುರುಕಿ. ಮಾಸ್ಕಿಂಗ್ ಟೇಪ್ ನಿಲ್ಲಲ್ಲ, ಗಾರ್ನೆಟ್ ಅದನ್ನ ಎರಡು ಸೆಕೆಂಡಲ್ಲಿ ಹರಿಯತ್ತೆ, ಸೈಕಲ್ ಟ್ಯೂಬ್ ಕತ್ತರಿಸಿ ಎರಡು ಸುತ್ತು ಕಟ್ಟಿ. ಹ್ಯಾಂಡಲ್ ಕೂರೋ ಹೆಡ್ ಪೈಪ್ ಹತ್ರ ಇರೋ ಚಾಸಿ ನಂಬರ್ ಮೇಲೆ ಮಾತ್ರ ಮೂರು ಸುತ್ತು. ಎಫ್‌ಸಿಗೆ ಆರ್‌ಟಿಒ ಹತ್ರ ಹೋದಾಗ ಪೆನ್ಸಿಲ್ ಉಜ್ಜಿ ನಂಬರ್ ಪ್ರಿಂಟ್ ತೆಗೀತಾರಲ್ಲ, ಅದು ಮೂಡ್ಲಿಲ್ಲ ಅಂದ್ರೆ ನಿಮ್ಮ ಫಳಫಳ ಗಾಡಿ ಕಾಗದದ ಮೇಲೆ ಬರೀ ಗುಜರಿ. ನನ್ನ ಸ್ನೇಹಿತನ ಚಾಸಿಯಲ್ಲಿ ಶಾಪಿನ ಹುಡುಗ ಅಲ್ಲೇ ನಿಂತು ಅಕ್ಕರೆಯಿಂದ ಜಾಸ್ತಿ ಹೊಡೆದಿದ್ದ, ಕೊನೆಯ ಎರಡು ಅಂಕಿ ಬರೀ ನೆರಳು. ಕೆಲಸಕ್ಕೆ ಮುಂಚೆ ನೀವೇ ಒಂದು ಪ್ರಿಂಟ್ ತೆಗೆದು ಫೋಟೋ ಹಿಡಿದಿಟ್ಕೊಳ್ಳಿ.

ಹೊಡೆಯೋದು

ಚಾಸಿಗೆ 80-90 ಪಿಎಸ್‌ಐ, ಹೊಡೀತಾ ಹೋಗಿ, ಅಷ್ಟೆ.

ತಗಡು ಬೇರೆ ವಿಷಯ. ಒಂದೇ ಕಡೆ ಕಾಳು ಬಡಿದು ಬಡಿದು ಆ ಮೇಲ್ಮೈ ಹಿಗ್ಗಿ ಮಡ್‌ಗಾರ್ಡ್ ಹಪ್ಪಳದ ಥರ ಸೊಟ್ಟ ಆಗತ್ತೆ, ಆಮೇಲೆ ಯಾವ ಟಿಂಕರ್ ಕೈಲೂ ಸರಿ ಹೋಗಲ್ಲ. 35-40 ಪಿಎಸ್‌ಐಗೆ ಇಳಿಸಿ, ಒಂದು ಅಡಿ ದೂರ ನಿಂತು, ನೇರ ಹೊಡೀದೆ ಓರೆಯಾಗಿ, ಕೈ ಎಲ್ಲೂ ನಿಲ್ಲಿಸದೆ ಆಡಿಸ್ತಾ ಇರಿ. ಟ್ಯಾಂಕಿಗೆ ನಾನು ಬ್ಲಾಸ್ಟಿಂಗ್ ಬೇಡವೇ ಬೇಡ ಅಂತೀನಿ, ಪೇಂಟ್ ರಿಮೂವರ್ ಹಚ್ಚಿ ಕೆರೆಯಿರಿ. ಒಳಗೆ ಪೆಟ್ರೋಲ್ ಆವಿ ಉಳಿದಿರತ್ತೆ, ಬ್ಲಾಸ್ಟಿಂಗಲ್ಲಿ ಸ್ಟ್ಯಾಟಿಕ್ ಕಿಡಿ ಹುಟ್ಟತ್ತೆ, ಮುಂದಿಂದು ನೀವೇ ಊಹಿಸಿ. ಕಾರ್ ಮಾಡೋರಿಗೂ ಅಷ್ಟೆ, ಬಾನೆಟ್ಟು ರೂಫು ಮುಟ್ಬೇಡಿ.

ಗಾರ್ನೆಟ್ ಬಿಟ್ಟು ಬಿಟ್ಟು ಬರ್ತಿದ್ರೆ ಪಾಟಲ್ಲಿ ತೇವ ಸೇರಿದೆ ಅಂತ ಅರ್ಥ. ಕಂಪ್ರೆಸರ್ ಟ್ಯಾಂಕಿನ ಅಡಿ ಕಾಕ್ ಅರ್ಧ ಗಂಟೆಗೊಮ್ಮೆ ತಿರುಗಿಸಿ ನೀರು ಬಿಡಿ. ಫಿಲ್ಟರ್ ಅನ್ನ ಕಂಪ್ರೆಸರ್ ಬುಡದಲ್ಲೇ ಹಾಕೋದು ಎಲ್ರೂ ಮಾಡೋ ತಪ್ಪು, ಅಲ್ಲಿ ಗಾಳಿ ಬಿಸಿ ಇರತ್ತೆ, ನೀರು ಆವಿಯಾಗೇ ದಾಟ್ಕೊಂಡು ಹೋಗತ್ತೆ. ಇಪ್ಪತ್ತು ಮೂವತ್ತು ಅಡಿ ಪೈಪಲ್ಲಿ ತಣ್ಣಗಾದ ಮೇಲೆ, ಪಾಟಿನ ಹತ್ರ ಹಾಕಿ. ಚೀಲ ಒಡೆದ ಗಾರ್ನೆಟ್ ಬಿಸಿಲಲ್ಲಿ ಹಪ್ಪಳದ ಪಕ್ಕದಲ್ಲೇ ಒಣಗ್ಲಿ, ಮನೆಯವ್ರ ಹತ್ರ ಬೈಸ್ಕೊಳ್ಳಿ.

ಪ್ರೈಮರ್, ಅದೂ ಅದೇ ದಿನ

ಬ್ಲಾಸ್ಟ್ ಆದ ಕಬ್ಬಿಣ ಮಾಸಲು ಬಿಳುಪಾಗಿ ಹುಟ್ಟಿದ ಮಗು ಥರ ಇರತ್ತೆ, ಬರಿಗೈಯಲ್ಲಿ ಮುಟ್ಟಿದ್ರೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಬರತ್ತೆ. ಜುಲೈ ಎರಡನೇ ಭಾನುವಾರ ಜಾವಾ ದಿನ ಬರತ್ತಲ್ಲ, ಅದಕ್ಕೆ ಗಾಡಿ ರೆಡಿ ಮಾಡ್ಬೇಕು ಅಂತ ಜೂನ್ ಮಳೇಲಿ ಬ್ಲಾಸ್ಟ್ ಮಾಡಿ, ಪ್ರೈಮರ್ ನಾಳೆ ಹೊಡೆಯೋಣ ಅಂತ ಮಲಗ್ತಾರೆ. ಬೆಳಿಗ್ಗೆ ಎದ್ದು ನೋಡಿದ್ರೆ ಚಾಸಿ ಪೂರ್ತಿ ಕೇಸರಿ. ಮಂಗಳೂರು ಕಡೆ ಬೆಳಿಗ್ಗೆವರೆಗೂ ಕಾಯಬೇಕಿಲ್ಲ, ಸಂಜೆಗೇ ಆಗೋಗತ್ತೆ. ಜನವರಿ ಫೆಬ್ರವರಿಲಿ ಮಾಡಿ, ಬೆಳಿಗ್ಗೆ ಬೇಗ ಶುರು ಮಾಡಿ, ಒಣಗಾಳಿಯಲ್ಲಿ ಧೂಳು ಹಾರಿಸಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ನಾಲ್ಕು ಗಂಟೆ ಒಳಗೆ ಎರಡು ಪ್ಯಾಕಿನ ಎಪಾಕ್ಸಿ ಪ್ರೈಮರ್. ಸ್ಪ್ರೇ ಡಬ್ಬದಲ್ಲಿ ಬರೋ ಕೆಂಪು ಪ್ರೈಮರ್ ಹೊಡೀಬೇಡಿ, ಅದು ನೀರು ತಡೆಯಲ್ಲ.

ಪ್ರೈಮರ್ ಹೊಡೆಯೋ ಮುಂಚೆ ಚಾಸಿನ ತಲೆಕೆಳಗೆ ಮಾಡಿ ರಬ್ಬರ್ ಸುತ್ತಿಗೆಯಲ್ಲಿ ಎಲ್ಲಾ ಪೈಪಿಗೂ ತಟ್ಟಿ, ಎಷ್ಟು ಗಾರ್ನೆಟ್ ಉದುರತ್ತೆ ಅಂತ ನೋಡಿ ಗಾಬರಿ ಆಗ್ತೀರ.

ಬಾಡಿಗೆ ಪಾಟ್ ವಾಪಸ್ ಮಾಡುವಾಗ ಒಳಗಿನ ಗಾರ್ನೆಟ್ ಪೂರ್ತಿ ಖಾಲಿ ಮಾಡಿ, ಒಂದು ನಿಮಿಷ ಬರೀ ಗಾಳಿ ಹೊಡೆದು, ಅವ್ರ ಎದುರಿಗೇ ಮುಚ್ಚಳ ತೆಗೆದು ತೋರಿಸಿ. ರಾತ್ರಿ ಒಳಗೇ ಬಿಟ್ರೆ ತೇವಕ್ಕೆ ಗಟ್ಟಿ ಕಟ್ಟಿ ವಾಲ್ವ್ ಜಾಮ್ ಆಗತ್ತೆ, ಅಡ್ವಾನ್ಸಲ್ಲಿ ಮುರ್ಕೊಳ್ತಾರೆ, ನಂದು 800 ರೂಪಾಯಿ ಹಾಗೇ ಹೋಯ್ತು.