ಕಾಯಿಸಿದಷ್ಟೂ ಇಳಿಯುತ್ತಿದ್ದ ಥರ್ಮಾಮೀಟರ್

ಕೈಯಲ್ಲಿ ಹಿಡಿಯುವ ಕೆ-ಟೈಪ್ ಥರ್ಮೋಕಪಲ್ ಮೀಟರ್ ನನ್ನದು. ಥರ್ಮೋಕಪಲ್ ಎಂದರೆ ತುದಿಯಲ್ಲಿ ಬೆಸೆದ ಎರಡು ಬೇರೆ ಬೇರೆ ಲೋಹದ ತಂತಿಗಳಿಂದ ಉಷ್ಣತೆ ಅಳೆಯುವ ಸಾಧನ; ಕೆ ಅದರ ಒಂದು ಬಗೆ, ಆ ತಂತಿಗಳಿರುವ ಭಾಗವೇ ಪ್ರೋಬ್. ಪ್ಲಗ್ ಬದಲಿಸಿದ್ದ ಹಳೆಯ ಪ್ರೋಬೊಂದನ್ನು ಸಿಕ್ಕಿಸಿದಾಗ 27 ಡಿಗ್ರಿಯ ಕೋಣೆಯಲ್ಲಿ ಸರಿಯಾಗಿ 27 ತೋರಿಸಿತು. ಕುದಿಯುವ ನೀರಿಗೆ ಅದ್ದಿದರೆ ಮೈನಸ್ 50ರ ಆಸುಪಾಸು! ಪುಡಿ ಮಂಜುಗಡ್ಡೆ ಕಲಸಿದ ನೀರಿನಲ್ಲಿ ಸೊನ್ನೆಯ ಬದಲು ಸುಮಾರು 53.

ಪ್ರೋಬ್ ತಂತಿ ಕಡಿದಿದ್ದರೆ ಅಂಕಿಯೇ ಬರುವುದಿಲ್ಲ, ಹಾಗಾಗಿ ಅದಲ್ಲ. ಮೀಟರ್ ಅಳೆಯುವುದು ತುದಿಗೂ ಪ್ಲಗ್ಗಿಗೂ ನಡುವಿನ ಉಷ್ಣತೆಯ ವ್ಯತ್ಯಾಸವನ್ನು, ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್‌ನಂತೆ. ಅದಕ್ಕೆ ಪ್ಲಗ್ ಬಳಿಯ ಉಷ್ಣತೆಯನ್ನು ಸೇರಿಸುತ್ತದೆ. ತಂತಿಗಳು ಅದಲುಬದಲಾದರೆ ಸೇರಬೇಕಾದದ್ದು ಕಳೆದುಹೋಗುತ್ತದೆ. ವ್ಯತ್ಯಾಸವೇ ಇಲ್ಲದ ಕೋಣೆಯಲ್ಲಿ ಮಾತ್ರ ಗುಟ್ಟು ಬಯಲಾಗುವುದಿಲ್ಲ.

ಪ್ಲಗ್ ಬಿಚ್ಚಿದೆ. ಹಳದಿ, ಕೆಂಪು ತಂತಿ. ಅಮೆರಿಕದ ಪದ್ಧತಿಯಲ್ಲಿ ಕೆಂಪು ಎಂದರೆ ಋಣ! ಬೇರೆ ಕಡೆ ಕೆಂಪನ್ನು ಧನವೆಂದೇ ನೋಡಿ ರೂಢಿಯಾದವರಿಗೆ ಇದೊಂದು ಬಲೆ. ಬಣ್ಣವನ್ನು ನಂಬದೆ ಅಯಸ್ಕಾಂತ ಹಿಡಿದೆ: ಅಂಟಿಕೊಂಡದ್ದು ಅಲ್ಯುಮೆಲ್ ಎಂಬ ನಿಕ್ಕಲ್ ಮಿಶ್ರಲೋಹ, ಅದೇ ಋಣ. ಅದನ್ನು ಪ್ಲಗ್ಗಿನ ಅಗಲವಾದ, ಅಂದರೆ ಋಣದ ಪಟ್ಟಿಗೆ, ಇನ್ನೊಂದನ್ನು ಕಿರಿದಾದ ಪಟ್ಟಿಗೆ ಬಿಗಿದೆ. ತಂತಿಯ ತುದಿಯ ಕಪ್ಪನ್ನು ಮರಳುಕಾಗದದಿಂದ ಉಜ್ಜಿದ್ದೂ ಆಯಿತು.

ಪ್ಲಗ್ ಕೈಶಾಖಕ್ಕೆ ಬಿಸಿಯಾಗಿರುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮಂಜುನೀರಿನಲ್ಲಿ ಕಲಕುತ್ತಾ ನೋಡಿದೆ: 0.3. ಕುದಿಯುವ ನೀರಿನಲ್ಲಿ 100 ಬರಲೇಬೇಕೆಂದು ಹಟ ಹಿಡಿಯಬೇಡಿ, ಎತ್ತರದ ಊರಿನಲ್ಲಿ ಅದು ಕಡಿಮೆಯೇ. ಉದ್ದ ಸಾಲದಿದ್ದರೆ ತಾಮ್ರದ ತಂತಿ ಸೇರಿಸದೆ, ಕೆ-ಟೈಪ್ ತಂತಿಯನ್ನೇ ಬಳಸಿ.