ಗೂಡುದೀಪ ಮನೆಯಲ್ಲೇ ಕಟ್ಟಿ, ಖರ್ಚು ಕಾಗದಕ್ಕೆ ಮಾತ್ರ

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಉಪ್ಪಳದ ಪೇಟೆಗಳಲ್ಲಿ ಅಂಗಡಿ ಎದುರು ಗೂಡುದೀಪಗಳು ತೂಗಾಡತೊಡಗುತ್ತವೆ. ನೋಡಲು ಚಂದವೇ. ಆದರೆ ಹೆಚ್ಚಿನವು ಮಡಚಿಡುವ ಪ್ಲಾಸ್ಟಿಕ್ಕಿನವು. ಈ ವರ್ಷ ಕೊಂಡದ್ದು ಬರುವ ವರ್ಷಕ್ಕೆ ಮಡಿಕೆಯಲ್ಲೇ ಬಿರಿದಿರುತ್ತದೆ, ಮತ್ತೆ ಹೊಸತು ತರಬೇಕು. ಮನೆಯಲ್ಲಿ ಕಟ್ಟಿದ ಗೂಡಿನ ಲೆಕ್ಕವೇ ಬೇರೆ. ಬಿದಿರಿನ ಗೂಡು ಒಮ್ಮೆ ಸರಿಯಾಗಿ ಕಟ್ಟಿದರೆ ವರ್ಷ ವರ್ಷ ಬರುತ್ತದೆ. ಬದಲಿಸುವುದು ಮೂರು ಹಾಳೆ ಬಣ್ಣದ ಕಾಗದ, ಅಷ್ಟೆ. ಹಾಗಾಗಿ ಸಮಯ ಕೊಡುವುದಿದ್ದರೆ ಗೂಡಿಗೆ ಕೊಡಿ. ಕಾಗದದ ಅಂದಚಂದಕ್ಕೆ ತಲೆ ಕೆಡಿಸಿಕೊಳ್ಳುವುದು ಆಮೇಲೆ.

ಥರ್ಮಾಕೋಲಿನ ಆಸೆ ಬಿಟ್ಟುಬಿಡಿ. ಅಲಂಕಾರಕ್ಕೆ ಥರ್ಮಾಕೋಲ್ ಬಳಸುವುದು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ. ನಮ್ಮ ಕೇರಳದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ 2020ರ ಜನವರಿ 1ರಿಂದಲೇ ತಡೆ ಉಂಟು. ತೋಟದಲ್ಲಿ ಅಡಿಕೆ ಹಾಳೆ ಬಿದ್ದು ಕೊಳೆಯುವ ಊರಿನಲ್ಲಿ ಅದರ ಅಗತ್ಯವೂ ಇಲ್ಲ ಬಿಡಿ.

ಮೊದಲು ಬಿದಿರು

ಬೇಕಾದದ್ದು 22 ಸೆಂಟಿಮೀಟರ್ ಉದ್ದದ 24 ಕಡ್ಡಿಗಳು, ಜೊತೆಗೆ ಕೊನೆಗೆ ಅಡ್ಡ ಕಟ್ಟಲು 30 ಸೆಂಟಿಮೀಟರಿನ ಎರಡು. ಎರಡು ಮೂರು ಜಾಸ್ತಿಯೇ ಮಾಡಿಟ್ಟುಕೊಳ್ಳಿ, ಸೀಳುವಾಗ ಒಂದಾದರೂ ಓರೆಯಾಗಿ ಹೋಗುತ್ತದೆ. ಬಿದಿರಿನ ಎರಡು ಗಂಟುಗಳ ನಡುವಿನ ಭಾಗ ತೆಗೆದುಕೊಂಡರೆ ಕೆಲಸ ಸಲೀಸು. ಕತ್ತಿಯಿಂದ ಮೊದಲು ಎರಡು ಹೋಳು, ಆಮೇಲೆ ನಾಲ್ಕು, ಹೀಗೆ ಅರ್ಧರ್ಧ ಮಾಡುತ್ತಾ ಹೋಗಿ. ಒಂದು ಬದಿಯಿಂದ ಸಪೂರ ಸಪೂರ ಸೀಳಲು ಹೊರಟರೆ ಸೀಳು ಜಾರಿ ಅಂಚಿಗೆ ಹೋಗುತ್ತದೆ. ಕೊನೆಗೆ ಪೀಶಕತ್ತಿಯಲ್ಲಿ ಒಳಮೈ ಹೆರೆದು ನಾಲ್ಕೈದು ಮಿಲಿಮೀಟರ್ ದಪ್ಪಕ್ಕೆ ತನ್ನಿ. ಹಸಿರು ಸಿಪ್ಪೆ ಹಾಗೇ ಇರಲಿ, ಕಡ್ಡಿಯ ಗಟ್ಟಿತನ ಇರುವುದು ಅಲ್ಲಿಯೇ. ಸಿಬಿರು ಕೈಗೆ ಹೊಕ್ಕೀತು, ಹಳೆ ಬಟ್ಟೆ ಸುತ್ತಿಕೊಳ್ಳಿ. ಮನೆಯಲ್ಲಿ ಅಜ್ಜ ಇದ್ದರೆ ಈ ಒಂದು ಕೆಲಸ ಅವರಿಗೇ ಬಿಡುವುದು ಒಳ್ಳೆಯದು. ಅವರೇ ಕೇಳಿ ತೆಗೆದುಕೊಳ್ಳುತ್ತಾರೆ, ನೋಡಿ ಬೇಕಿದ್ದರೆ.

ಹಸಿ ಬಿದಿರನ್ನು ಕೂಡಲೇ ಕಟ್ಟಬೇಡಿ. ಒಣಗುವಾಗ ಅದು ಸಪೂರವಾಗುತ್ತದೆ, ಕಟ್ಟಿದ ನೂಲು ಸಡಿಲ ಬೀಳುತ್ತದೆ. ಕಡ್ಡಿಗಳನ್ನು ಮೊದಲು ಕೆಲವು ದಿನ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ನೆರಳಲ್ಲಿ ಒಣಗಿಸಿದರೆ ಇನ್ನೂ ಉತ್ತಮ. ಬಿದಿರಿನೊಳಗಿನ ಪಿಷ್ಟ ನೀರಿಗೆ ಇಳಿದುಹೋಗುತ್ತದೆ. ಕುಟ್ಟೆ ಹುಳ ಬರುವುದು ಆ ಪಿಷ್ಟ ತಿನ್ನಲಿಕ್ಕೆ. ಬಿದಿರು ಸಿಗದಿದ್ದರೆ ಅಡಿಕೆ ಸಲಾಕೆ ಸೀಳಿಕೊಳ್ಳಬಹುದು. ಸ್ವಲ್ಪ ಭಾರ, ಹೆರೆಯುವ ಕೆಲಸ ಜಾಸ್ತಿ, ಆದರೆ ಗಟ್ಟಿಗೆ ಕೊರತೆ ಇಲ್ಲ.

ಆರು ಚೌಕ, ಹನ್ನೆರಡು ಗಂಟು

ನಮ್ಮ ಕಡೆಯ ಗೂಡುದೀಪವನ್ನು ಒಮ್ಮೆ ಸರಿಯಾಗಿ ನೋಡಿ. ಅದರಲ್ಲಿ ಇರುವುದು ಆರು ಚೌಕ, ಎಂಟು ತ್ರಿಕೋನ. ಕಟ್ಟಬೇಕಾದದ್ದು ಚೌಕ ಮಾತ್ರ. ತ್ರಿಕೋನಗಳು ಚೌಕಗಳ ನಡುವೆ ತಾವಾಗಿಯೇ ಮೂಡುತ್ತವೆ.

ಪ್ರತಿ ಕಡ್ಡಿಯ ಎರಡೂ ತುದಿಯಿಂದ 1 ಸೆಂಟಿಮೀಟರ್ ಒಳಗೆ ಪೆನ್ಸಿಲ್ ಗುರುತು ಹಾಕಿ. ಗುರುತುಗಳ ನಡುವೆ 20 ಸೆಂಟಿಮೀಟರ್ ಉಳಿಯುತ್ತದೆ. ನಾಲ್ಕು ಕಡ್ಡಿಗಳನ್ನು ಗುರುತಿನ ಮೇಲೆ ಗುರುತು ಬರುವಂತೆ ಅಡ್ಡ ಇಟ್ಟು ಹತ್ತಿ ನೂಲಿನಲ್ಲಿ ಗುಣಿಸು ಚಿಹ್ನೆಯ ಹಾಗೆ ಸುತ್ತಿ ಬಿಗಿಯಿರಿ. ನೈಲಾನ್ ನೂಲು ಬೇಡ, ಜಾರುತ್ತದೆ. ಚೌಕ ಸರಿಯಾಗಿದೆಯೋ ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ, ಎರಡೂ 28 ಸೆಂಟಿಮೀಟರ್ ಆಸುಪಾಸು ಬಂದರೆ ಸರಿ. ಒಂದು ಜಾಸ್ತಿ ಒಂದು ಕಡಿಮೆ ಬಂದರೆ ಉದ್ದ ಇರುವ ಕಡೆಯ ಮೂಲೆಗಳನ್ನು ಮೆಲ್ಲ ಒತ್ತಿ ಸರಿಪಡಿಸಿ. ಆಮೇಲೆ ಗಂಟಿನ ಮೇಲೆ ಒಂದೊಂದು ಹನಿ ಅಂಟು ಹಚ್ಚಿ ಒಣಗಲು ಬಿಡಿ. ಹೀಗೆ ಆರು ಚೌಕ ಆಗಲಿ.

ಈಗ ಜೋಡಣೆ. ಒಂದು ಚೌಕವನ್ನು ನೆಲದ ಮೇಲೆ ಮಲಗಿಸಿ. ಅದರ ನಾಲ್ಕು ಮೂಲೆಗಳಿಗೆ ಇನ್ನು ನಾಲ್ಕು ಚೌಕಗಳ ಒಂದೊಂದು ಮೂಲೆಯನ್ನು ಕಟ್ಟಿ. ಅವನ್ನು ಮೇಲಕ್ಕೆ ಎತ್ತಿದರೆ ನಾಲ್ಕೂ ಇಸ್ಪೀಟಿನ ಡೈಮಂಡ್ ಆಕಾರದಲ್ಲಿ ನಿಲ್ಲುತ್ತವೆ, ಪಕ್ಕದ ಮೂಲೆಗಳು ಒಂದಕ್ಕೊಂದು ತಾಗುತ್ತವೆ. ತಾಗಿದಲ್ಲಿ ಕಟ್ಟಿ. ಮೇಲೆ ನಾಲ್ಕು ಮೂಲೆಗಳು ಖಾಲಿ ಉಳಿದಿರುತ್ತವೆ, ಅಲ್ಲಿ ಆರನೆಯ ಚೌಕ ಕೂರುತ್ತದೆ. ಕೆಳಗೆ ನಾಲ್ಕು, ನಡುವೆ ನಾಲ್ಕು, ಮೇಲೆ ನಾಲ್ಕು. ಒಟ್ಟು ಹನ್ನೆರಡು ಗಂಟು.

ಇಷ್ಟಾದ ಮೇಲೂ ಗೂಡು ಕೈಯಲ್ಲಿ ತಿರುಚಿದ ಹಾಗೆ ಆಡುತ್ತದೆ. ಎಲ್ಲಿಯೋ ತಪ್ಪಿತು ಎಂದು ಬಿಚ್ಚಿಬಿಡಬೇಡಿ. ಈ ಆಕಾರದ ಸ್ವಭಾವವೇ ಹಾಗೆ. ತ್ರಿಕೋನ ಅಲ್ಲಾಡುವುದಿಲ್ಲ, ಚೌಕ ಅಲ್ಲಾಡುತ್ತದೆ. ಮೇಲಿನ ಮತ್ತು ಕೆಳಗಿನ ಚೌಕಕ್ಕೆ ಮೂಲೆಯಿಂದ ಮೂಲೆಗೆ ಒಂದೊಂದು ಅಡ್ಡಕಡ್ಡಿ ಕಟ್ಟಿದರೆ ಆಟ ಕಡಿಮೆಯಾಗುತ್ತದೆ. ಮೇಲಿನ ಅಡ್ಡಕಡ್ಡಿ ಬಲ್ಬಿನ ಹೋಲ್ಡರ್ ಕಟ್ಟಲಿಕ್ಕೂ ಆಯಿತು, ಗೂಡು ತೂಗುಹಾಕಲಿಕ್ಕೂ ಆಯಿತು. ಉಳಿದ ಗಟ್ಟಿತನ ಕಾಗದ ಒಣಗಿದ ಮೇಲೆ ಬರುತ್ತದೆ.

ಅಂಟು ಮತ್ತು ಕಾಗದ

ಅಂಗಡಿಯ ಗೋಂದು ಬೇಕಿಲ್ಲ. ಎರಡು ಚಮಚ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಗಂಜಿಯ ಹಾಗೆ ಹೊಳಪು ಬಂದಾಗ ಇಳಿಸಿ. ಮೈದಾ ಅಂಟಿಗೆ ಜಿರಳೆ ಬರುತ್ತದೆಂದು ಹಿಂದಿನವರು ಚಿಟಿಕೆ ಮೈಲುತುತ್ತು ಹಾಕುತ್ತಿದ್ದರು. ಅಡಿಕೆಗೆ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಕಲಸಿದ ಔಷಧ) ಬಿಡುವ ಮನೆಗಳಲ್ಲಿ ಅದೇನೋ ಹೇಗೂ ಇರುತ್ತದೆ. ಆದರೆ ಅದು ವಿಷ. ಮಕ್ಕಳು ಅಂಟು ಹಚ್ಚಿದ ಬೆರಳು ಬಾಯಿಗೆ ಇಡದೆ ಬಿಡುವವರಲ್ಲ, ಅಲ್ವಾ? ಮಕ್ಕಳ ಜೊತೆ ಮಾಡುವುದಾದರೆ ಮೈಲುತುತ್ತಿನ ಸುದ್ದಿಗೇ ಹೋಗಬೇಡಿ. ಅಂಟು ತೆಳ್ಳಗೆ ಹಚ್ಚಿ, ಬೇಗ ಒಣಗಿಸಿ, ಸಾಕು.

ಕಾಗದ ಗಾಳಿಪಟದ್ದೇ ಆಗಲಿ. ಮಿರಿಮಿರಿ ಮಿಂಚುವ ಗ್ಲಾಸ್ ಪೇಪರ್ ಈಗ ಸಿಗುವುದು ಹೆಚ್ಚಾಗಿ ಪ್ಲಾಸ್ಟಿಕ್ಕಿನದು, ಮೈದಾ ಅಂಟು ಅದನ್ನು ಹಿಡಿಯುವುದಿಲ್ಲ. ಹಾಳೆ 50 ಸೆಂಟಿಮೀಟರ್ ಅಗಲ, 70 ಸೆಂಟಿಮೀಟರ್ ಉದ್ದ ಇದ್ದರೆ ಒಂದರಲ್ಲಿ 22 ಸೆಂಟಿಮೀಟರಿನ ಆರು ಚೌಕ ಸಿಗುತ್ತದೆ. ನಮಗೆ ಬೇಕಾದದ್ದು ನಾಲ್ಕು, ಯಾಕೆಂದರೆ ಮೇಲಿನ ಚೌಕ, ಕೆಳಗಿನ ಚೌಕ ಎರಡನ್ನೂ ತೆರೆದೇ ಬಿಡಬೇಕು. ಬಲ್ಬಿನ ಬಿಸಿ ಹೊರಗೆ ಹೋಗುವುದು ಅದರಿಂದ. ಇನ್ನೊಂದು ಹಾಳೆಯಲ್ಲಿ 24 ಸೆಂಟಿಮೀಟರ್ ಬದಿಯ ತ್ರಿಕೋನಗಳನ್ನು ಒಂದು ನೆಟ್ಟಗೆ ಒಂದು ತಲೆಕೆಳಗೆ ಹೊಂದಿಸಿ ಕತ್ತರಿಸಿದರೆ ಎರಡು ಸಾಲಿನಲ್ಲಿ ಸರಿಯಾಗಿ ಎಂಟು. ಮೂರನೆಯದು ಬಾಲಕ್ಕೂ ಜಾಲರಿಗೂ.

ಅಂಟನ್ನು ಕಾಗದಕ್ಕೆ ಹಚ್ಚಬೇಡಿ, ಬಿದಿರಿಗೆ ಹಚ್ಚಿ. ಒದ್ದೆ ಕಾಗದ ಕೈಗೆ ಬಂದರೆ ಹರಿದಂತೆಯೇ ಲೆಕ್ಕ. ಮೊದಲು ಚೌಕಗಳು, ಅವು ಒಣಗಿದ ಮೇಲೆ ತ್ರಿಕೋನಗಳು. ಉಳಿದ ಅಂಚನ್ನು ಕಡ್ಡಿಯ ಸುತ್ತ ಒಳಕ್ಕೆ ಮಡಚಿ ಅಂಟಿಸಿ.

ಬಣ್ಣದ ವಿಷಯದಲ್ಲಿ ನನ್ನದೊಂದು ಹಟ ಉಂಟು. ಎರಡೇ ಬಣ್ಣ ಇರಲಿ. ದೊಡ್ಡ ಚೌಕಗಳಿಗೆ ಹಳದಿ ಅಥವಾ ಬಿಳಿ, ತ್ರಿಕೋನಕ್ಕೆ ಕೆಂಪು ಅಥವಾ ಹಸಿರು. ಕಡುನೀಲಿ, ನೇರಳೆ ಹಗಲಿಗೆ ಮಾತ್ರ ಚಂದ. ರಾತ್ರಿ ಬೆಳಕನ್ನೆಲ್ಲ ನುಂಗಿ ಕಪ್ಪಾಗಿ ತೂಗುತ್ತವೆ. ಬೇಗಡೆ ಕಾಗದ ಅಂಟಿಸುವುದಿದ್ದರೆ ಕಡ್ಡಿಗಳ ಮೇಲೆ ಸಪೂರ ಪಟ್ಟಿ ಮಾತ್ರ. ಇಡೀ ಮೈಗೆ ಅಂಟಿಸಿದರೆ ಬೆಳಕು ಹೊರಗೆ ಬರುವುದು ಎಲ್ಲಿಂದ?

ಜಾಲರಿಗೆ 10 ಸೆಂಟಿಮೀಟರ್ ಅಗಲದ ಪಟ್ಟಿಯನ್ನು ನಾಲ್ಕೈದು ಮಡಿಕೆ ಮಾಡಿ ಒಂದು ಅಂಚಿನಿಂದ ಸಪೂರಕ್ಕೆ ಕತ್ತರಿಸುತ್ತಾ ಬನ್ನಿ, ಮೇಲೆ ಎರಡು ಬೆರಳು ಅಗಲ ಬಿಡಿ. ಕೆಳಗಿನ ಚೌಕದ ಸುತ್ತ ಅದನ್ನು ಅಂಟಿಸಿ. ಬಾಲಕ್ಕೆ 70 ಸೆಂಟಿಮೀಟರಿನ ನಾಲ್ಕು ಉದ್ದ ಪಟ್ಟಿ ಸಾಕು.

ಬೆಳಕು, ಮಳೆ

ಕಾಗದದ ಗೂಡಿನೊಳಗೆ ಹಣತೆ ಬೇಡವೇ ಬೇಡ. ಹಳೆಯ ತಂತಿಯ ಬಲ್ಬೂ ಬೇಡ, ಬಿಸಿಗೆ ಕಾಗದ ಕಂದಿ ಹೋಗುತ್ತದೆ. 3 ವಾಟಿನ ಎಲ್‌ಇಡಿ ಧಾರಾಳ ಸಾಕು. ದಿನಕ್ಕೆ 5 ಗಂಟೆಯಂತೆ ತಿಂಗಳು ಪೂರ್ತಿ ಉರಿಸಿದರೂ ಅರ್ಧ ಯೂನಿಟ್ ಕರೆಂಟ್ ಆಗುವುದಿಲ್ಲ. ಬಲ್ಬ್ ಗೂಡಿನ ನಟ್ಟನಡುವೆ ಬರಲಿ, ಯಾವ ಬದಿಯ ಕಾಗದಕ್ಕೂ ತಾಗದಿರಲಿ. ಗೂಡಿನ ಭಾರ ವಯರಿನ ಮೇಲೆ ಬೀಳಬಾರದು. ತೂಗುಹಾಕಲು ಬೇರೆ ಹಗ್ಗ ಕಟ್ಟಿ.

ನಮ್ಮಲ್ಲಿ ದೀಪಾವಳಿ ಬರುವುದು ತುಲಾ ತಿಂಗಳ ಮಳೆಯ ಹೊತ್ತಿಗೆ. ಮಧ್ಯಾಹ್ನ ಸೆಖೆ, ಸಂಜೆ ಗುಡುಗು. ಹಾಗಾಗಿ ಗೂಡನ್ನು ಅಂಗಳದ ಕೋಲಿಗೆ ಕಟ್ಟುವ ಆಸೆ ಇದ್ದರೆ ಮಳೆ ನೋಡಿಕೊಂಡು ಕಟ್ಟಿ. ಇಲ್ಲದಿದ್ದರೆ ಜಗಲಿಯ ಮಾಡಿನಿಂದ ಒಂದು ಮೊಳ ಒಳಗೆ. ವಯರಿಗೆ ಹೊರಗಡೆ ಎಲ್ಲಿಯೂ ಜೋಡಣೆ ಇರಬಾರದು. ಮಿಂಚು ಶುರುವಾದರೆ ಪ್ಲಗ್ ಕಿತ್ತಿಡಿ.

ತೋರಣದ ಲೆಕ್ಕ

ಬಾಗಿಲಿಗೆ ಮಾವಿನೆಲೆ ಎಲ್ಲರಿಗೂ ಗೊತ್ತಿರುವುದೇ, ಹೇಳಬೇಕಾಗಿಲ್ಲ. ತೆಂಗಿನ ಸಿರಿಯ ಬಗ್ಗೆ ಮಾತ್ರ ಒಂದು ಮಾತು. ಆ ಎಳೆ ಹಳದಿ ಗರಿಯಷ್ಟು ಚಂದದ ಅಲಂಕಾರ ಬೇರೆ ಇಲ್ಲ, ಒಪ್ಪಿದೆ. ಆದರೆ ಅದು ಪುಕ್ಕಟೆ ಎಂದು ತಿಳಿಯಬೇಡಿ. ತೆಂಗಿನಲ್ಲಿ ಒಂದೊಂದು ಮಡಲಿನ ಬುಡದಲ್ಲಿ ಒಂದೊಂದು ಗೊನೆ. ಸಿರಿ ಕಡಿದರೆ ಆ ಮಡಲು ಹೋಯಿತು, ಅದರ ಬುಡದಲ್ಲಿ ಮುಂದೆ ಆಗಬೇಕಿದ್ದ ಗೊನೆಗೂ ಪೆಟ್ಟು. ಲೆಕ್ಕ ಹಾಕಿದರೆ ಅದೂ ಒಂದು ಖರ್ಚೇ. ಕಡಿಯಲಿರುವ ಮರ ಇದ್ದರೆ ಅದರದ್ದು ತೆಗೆಯಿರಿ. ಇಲ್ಲದಿದ್ದರೆ ಕಾಯಿ ಕೊಯ್ಯುವಾಗ ಹೇಗೂ ಬೀಳುವ ಹಸಿರು ಮಡಲಿನಲ್ಲೇ ಕೆಲಸ ಮುಗಿಸಿ.

ಗರಿಯಿಂದ ಕಡ್ಡಿ ಬಿಡಿಸಿದರೆ ಎರಡು ಪಟ್ಟಿ ಸಿಗುತ್ತದೆ. ಒಂದು ಪಟ್ಟಿಯನ್ನು ಸಣ್ಣದು, ಮಧ್ಯಮ, ದೊಡ್ಡದು ಎಂದು ಮೂರು ಸುತ್ತು ಕುಣಿಕೆ ಮಾಡಿ ಬುಡದಲ್ಲಿ ಒಟ್ಟು ಹಿಡಿಯಿರಿ. ಬಿಡಿಸಿದ ಕಡ್ಡಿಯನ್ನೇ ಬೆರಳುದ್ದ ಮುರಿದು ಅಡ್ಡ ಚುಚ್ಚಿದರೆ ಪಿನ್ನೂ ಬೇಡ, ನೂಲೂ ಬೇಡ. ಹೀಗೆ ಮಾಡಿದ ಕುಣಿಕೆಗಳನ್ನು ಒದ್ದೆ ಬಾಳೆನಾರಿಗೆ ಗೇಣುದ್ದಕ್ಕೆ ಒಂದರಂತೆ ಕಟ್ಟಿ, ನಡುನಡುವೆ ಚೆಂಡುಹೂ. ಹಿಂದಿನ ದಿನವೇ ಮಾಡಿಡುವುದಾದರೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಬಾಡುವುದಿಲ್ಲ.

ಅಡಿಕೆ ಹಾಳೆಯ ನಕ್ಷತ್ರ

ಮಕ್ಕಳಿಗೆ ಕೊಡಲು ಇದು ಒಳ್ಳೆಯ ಕೆಲಸ. ಮಳೆಗಾಲದಲ್ಲಿ ಬಿದ್ದ ಹಾಳೆಗೆ ಕಪ್ಪು ಬೂಸಲು ಹಿಡಿದಿರುತ್ತದೆ, ಬೇಸಗೆಯಲ್ಲಿ ಹೆಕ್ಕಿ ಒಣಗಿಸಿಟ್ಟದ್ದು ಬೆಳ್ಳಗಿರುತ್ತದೆ. ಹಾಳೆಯನ್ನು ನೀರಲ್ಲಿ ನೆನೆಸಿ. ಬಗ್ಗಿಸಿದರೆ ಬಿರಿಯದಷ್ಟು ಮೆತ್ತಗಾದಾಗ ತೆಗೆದು, ಒಳಮೈಯ ನಯವಾದ ಭಾಗದ ಮೇಲೆ ರಟ್ಟಿನ ಅಚ್ಚು ಇಟ್ಟು ಗೆರೆ ಹಾಕಿ ಕತ್ತರಿಯಲ್ಲಿ ಕತ್ತರಿಸಿ. ನಕ್ಷತ್ರ, ಹಣತೆ, ಗಿಳಿ ಯಾವುದಾದರೂ ಸರಿ. ಕತ್ತರಿಸಿದ್ದನ್ನು ಹಾಗೇ ಬಿಸಿಲಿಗೆ ಇಟ್ಟರೆ ಸುರುಳಿ ಸುತ್ತಿಕೊಳ್ಳುತ್ತದೆ. ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಕಡೆಯುವ ಕಲ್ಲೋ ಅಕ್ಕಿ ಡಬ್ಬವೋ ಹೇರಿ, ದಿನಕ್ಕೊಮ್ಮೆ ಮಗುಚಿ. ಪೂರ್ತಿ ಒಣಗಿದ ಮೇಲೆಯೇ ಬಣ್ಣ. ಸುಣ್ಣದ ನೀರಿಗೆ ಅರಶಿನ ಹಾಕಿದರೆ ಒಳ್ಳೆ ಕೆಂಪು ಬರುತ್ತದೆ, ಆದರೆ ಸುಣ್ಣ ಕಲಸುವುದು ದೊಡ್ಡವರ ಕೆಲಸ. ಇದೇ ನಕ್ಷತ್ರ ಡಿಸೆಂಬರಿನಲ್ಲಿ ನೆರೆಮನೆಯ ಗೋದಲಿಗೂ ಆಗುತ್ತದೆ. ಗೂಡಿಗೆ ಬಿಳಿ ಕಾಗದ ಅಂಟಿಸಿದರೆ ಕ್ರಿಸ್ಮಸ್ಸಿಗೂ ನಡೆಯುತ್ತದೆ.

ಹಬ್ಬ ಮುಗಿದ ಮೇಲೆ ಗೂಡನ್ನು ಕಾಗದ ಸಮೇತ ಎತ್ತಿಡಬೇಡಿ. ಮೈದಾ ಇರುವಲ್ಲಿ ಜಿರಳೆ ಬಂದೇ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಕಡ್ಡಿಗಳನ್ನು ಒರೆಸುತ್ತಾ ಹೋದರೆ ಅಂಟು ಬಿಟ್ಟು ಕಾಗದ ಕಳಚುತ್ತದೆ. ಆ ಕಾಗದ ಬಚ್ಚಲ ಒಲೆಗೆ. ಬಲ್ಬು, ಹೋಲ್ಡರ್ ಬೇರೆ ಡಬ್ಬಕ್ಕೆ. ಗೂಡನ್ನು ಒಂದು ದಿನ ಬಿಸಿಲಿಗೆ ಇಟ್ಟು, ಸಡಿಲವಾದ ಗಂಟು ಇದ್ದರೆ ಆಗಲೇ ಬಿಗಿದು, ಸೌದೆ ಒಲೆ ಇರುವ ಮನೆಯಾದರೆ ಅಟ್ಟದಲ್ಲಿ ಹೊಗೆ ತಾಗುವ ಕಡೆ ತೂಗುಹಾಕಿ. ಗ್ಯಾಸ್ ಒಲೆಯ ಮನೆಯಾದರೆ ಗಾಳಿಯಾಡುವ ಜಾಗ ಸಾಕು, ನೆಲದಲ್ಲಿ ಮಾತ್ರ ಇಡಬೇಡಿ, ಗೆದ್ದಲು ಹಿಡಿಯುತ್ತದೆ.