ಮಗು ನಡೆಯಲು, ಮಾತಾಡಲು ಶುರು ಮಾಡಿದಾಗ ಮನೆಯಲ್ಲಿ ಮಾಡಿಕೊಂಡ ಏರ್ಪಾಡು

ಒಂಬತ್ತು ತಿಂಗಳಿಂದ ಎರಡು ವರ್ಷದವರೆಗೆ ನಾವು ಮನೆಯಲ್ಲಿ ಮುಖ್ಯವಾಗಿ ಮಾಡಿದ್ದು ಎರಡೇ ಕೆಲಸ. ನೆಲ ಖಾಲಿ ಮಾಡಿಕೊಟ್ಟೆವು, ಮಗು ಎತ್ತಿಕೊಂಡು ಬಂದದ್ದಕ್ಕೆಲ್ಲ ಹೆಸರು ಹೇಳಿದೆವು. ನಡಿಗೆ ಒಂದು ಪಾಠ, ಮಾತು ಇನ್ನೊಂದು ಪಾಠ ಎಂದು ಬೇರೆ ಮಾಡಿಕೊಂಡರೆ ದಿನ ಸಾಲುವುದಿಲ್ಲ. ನಡೆಯಲು ಬಂದ ಮಗುವಿಗೆ ಎರಡೂ ಕೈ ಬಿಡುವಾಗುತ್ತವೆ. ಆ ಕೈಯಲ್ಲಿ ಸೌಟೋ ಚಪ್ಪಲಿಯೋ ಹಿಡಿದು ನಮ್ಮ ಹತ್ತಿರವೇ ಬರುತ್ತದೆ. ಮಾತಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇಲ್ಲ.

ವಯಸ್ಸಿನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ, ಪಕ್ಕದ ಮನೆಯ ಮಗುವನ್ನು ನೋಡಿ ಕಂಗೆಡುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತವೂ ಇತ್ತು. ಆರೋಗ್ಯವಂತ ಮಕ್ಕಳು ಏನನ್ನೂ ಹಿಡಿಯದೆ ನಡೆಯಲು ಶುರು ಮಾಡಿದ್ದು ಸುಮಾರು 8 ತಿಂಗಳಿಂದ ಹದಿನೇಳೂವರೆ ತಿಂಗಳೊಳಗೆ, ಸರಾಸರಿ 12 ತಿಂಗಳಿಗೆ. ಅಂಬೆಗಾಲೇ ಇಡದೆ ನೇರವಾಗಿ ಎದ್ದು ನಡೆದವರೂ ನೂರಕ್ಕೆ ನಾಲ್ವರಷ್ಟಿದ್ದರು. ಹಾಗಾಗಿ ಹತ್ತು ತಿಂಗಳಿಗೆ ನಡೆದರೆ ಜಾಣ, ಹದಿನೈದಕ್ಕೆ ನಡೆದರೆ ಮಂಕು ಎಂಬ ಮಾತಿಗೆ ಆಧಾರವಿಲ್ಲ.

ಮಗು ಮೊದಲು ನಡೆಯುವುದು ಅಡ್ಡಡ್ಡಲಾಗಿ, ದಿವಾನವನ್ನೋ ಮಂಚವನ್ನೋ ಹಿಡಿದುಕೊಂಡು. ಹಿಡಿಯುವ ಅಂಚು ಮಗುವಿನ ಎದೆಮಟ್ಟಕ್ಕೆ, ಅಂದರೆ ನೆಲದಿಂದ 40–45 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಅನುಕೂಲ. ದಿವಾನ, ಭಾರವಾದ ಟೀಪಾಯಿ, ಗೋಡೆಗೆ ಒತ್ತಿ ಇಟ್ಟ ಟ್ರಂಕು, ಇವನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಇಡಿ. ಆಚೀಚೆ ಸಲೀಸಾಗಿ ಓಡಾಡಲು ಬಂದ ಮೇಲೆ ನಡುವೆ ಒಂದು ಗೇಣು ಸಂದು ಬಿಡಿ. ಒಂದು ಕೈ ಇಲ್ಲಿ, ಇನ್ನೊಂದು ಕೈ ಅಲ್ಲಿ ಇಟ್ಟು ದಾಟುತ್ತದೆ. ಅದು ರೂಢಿಯಾದ ಮೇಲೆ ಸಂದನ್ನು ಮೊಳದಷ್ಟು ಮಾಡಿ. ಆಗ ಒಂದು ಗಳಿಗೆ ಎರಡೂ ಕೈ ಬಿಡಲೇಬೇಕು. ಮೊದಲ ಹೆಜ್ಜೆ ಬರುವುದು ಆ ಗಳಿಗೆಯಲ್ಲೇ. ಮೂಲೆ ಚೂಪಾಗಿದ್ದರೆ ಹಳೇ ಸೈಕಲ್ ಟ್ಯೂಬಿನ ತುಂಡು ಕಟ್ಟಿ ಅಥವಾ ಅಂಗಡಿಯ ರಬ್ಬರ್ ಮೂಲೆ ಅಂಟಿಸಿ. ಹಗುರವಾದ ಪ್ಲಾಸ್ಟಿಕ್ ಕುರ್ಚಿ ಮಾತ್ರ ಆ ಕೋಣೆಯಲ್ಲಿ ಬೇಡ. ಹಿಡಿದು ಎದ್ದ ಕೂಡಲೇ ಅದು ಮಗುವಿನ ಮೇಲೇ ಮಗುಚಿಕೊಳ್ಳುತ್ತದೆ. ಟೀವಿ ಸ್ಟ್ಯಾಂಡು, ಪುಸ್ತಕದ ಕಪಾಟು, ಬೀರು, ಇವನ್ನು ಗೋಡೆಗೆ ಎಲ್ ಆಕಾರದ ಪಟ್ಟಿ ಹಾಕಿ ಸ್ಕ್ರೂ ಮಾಡಿಸಿ. ಮೇಜಿನ ಬಟ್ಟೆ ತೆಗೆಯಿರಿ.

ಎದ್ದು ನಿಲ್ಲಲು ಬಂದ ಮಗುವಿಗೆ ನಿಂತಲ್ಲಿಂದ ಕೆಳಗೆ ಕೂರಲು ಇನ್ನೂ ಬಂದಿರುವುದಿಲ್ಲ. ನಿಂತಲ್ಲೇ ಸಿಕ್ಕಿಹಾಕಿಕೊಂಡು ಅಳುತ್ತದೆ, ರಾತ್ರಿ ತೊಟ್ಟಿಲಲ್ಲೂ ಎದ್ದು ನಿಂತು ಅಳುತ್ತದೆ. ಎತ್ತಿ ಕೂರಿಸಿದರೆ ಐದು ನಿಮಿಷಕ್ಕೆ ಮತ್ತೆ ಅದೇ ಕಥೆ. ಹಗಲು ನಿಂತಿದ್ದಾಗ ಇಷ್ಟದ ಆಟಿಕೆಯನ್ನು ಪಾದದ ಪಕ್ಕ ನೆಲದಲ್ಲಿಡಿ, ಸೊಂಟಕ್ಕೆ ಕೈ ಕೊಟ್ಟು ಮಂಡಿ ಮಡಿಸಿ. ಒಂದು ಕೈ ಮೇಲೆ ಇಟ್ಟುಕೊಂಡೇ ಬಗ್ಗಿ ಎತ್ತಿಕೊಳ್ಳುವುದು ಬಂದರೆ ಕೂರುವುದೂ ಬಂದ ಹಾಗೆ, ರಾತ್ರಿಯ ಅಳುವೂ ತಗ್ಗುತ್ತದೆ. ಈ ಹಂತದಲ್ಲಿ ತೊಟ್ಟಿಲಿನ ಹಾಸಿಗೆಯನ್ನು ಅತಿ ಕೆಳಗಿನ ಮಟ್ಟಕ್ಕೆ ಇಳಿಸಲೇಬೇಕು. ಕಟ್ಟಿದ ಸೀರೆ ತೊಟ್ಟಿಲಾದರೆ ಬಿಚ್ಚಿಡುವ ಕಾಲ ಬಂತು.

ಎರಡೂ ಕೈಯನ್ನು ತಲೆಯ ಮೇಲಕ್ಕೆ ಹಿಡಿದು ನಡೆಸುವುದನ್ನು ನಾವು ಬಿಟ್ಟೆವು. ಹಾಗೆ ಹಿಡಿದರೆ ಮಗು ಮುಂದಕ್ಕೆ ವಾಲಿ ತುದಿಗಾಲಲ್ಲಿ ಓಡುತ್ತದೆ, ಸಮತೋಲ ನಮ್ಮ ಕೈಯಲ್ಲೇ ಉಳಿಯುತ್ತದೆ. ಹಿಡಿಯುವುದಾದರೆ ಸೊಂಟ ಹಿಡಿಯಿರಿ, ಇಲ್ಲವೇ ಮಗುವಿನ ಭುಜಕ್ಕಿಂತ ಕೆಳಗೆ ಒಂದೇ ಕೈ ಕೊಡಿ. ಒಂದು ಕೈ ಹಿಡಿದು ಜಗ್ಗಿ ಎತ್ತುವುದಂತೂ ಬೇಡವೇ ಬೇಡ. ಈ ವಯಸ್ಸಿನಲ್ಲಿ ಮೊಣಕೈ ಕೀಲು ಸುಲಭವಾಗಿ ಜಾರುತ್ತದೆ. ಜಾರಿದರೆ ಮಗು ಆ ಕೈಯನ್ನು ಆಡಿಸದೆ ಜೋತು ಬಿಟ್ಟುಕೊಳ್ಳುತ್ತದೆ. ಎಣ್ಣೆ ಹಚ್ಚಿ ತಿಕ್ಕದೆ ವೈದ್ಯರ ಹತ್ತಿರ ಹೋದರೆ ಸಾಮಾನ್ಯವಾಗಿ ನಿಮಿಷದೊಳಗೆ ಕೂರಿಸುತ್ತಾರೆ. ಎತ್ತುವಾಗ ಯಾವಾಗಲೂ ಎರಡೂ ಕಂಕುಳಿಗೆ ಕೈ ಕೊಡಿ.

ಚಕ್ರದ ವಾಕರ್ ಉಡುಗೊರೆಯಾಗಿ ಬಂದೇ ಬರುತ್ತದೆ. ಬಂದರೆ ಅಟ್ಟಕ್ಕೇರಿಸಿ. ಅದರಲ್ಲಿ ಮಗು ಕೂತು ಹೆಬ್ಬೆರಳ ತುದಿಯಿಂದ ನೆಲ ಒದೆಯುತ್ತದೆಯೇ ಹೊರತು ಮೈಭಾರ ಕಾಲಿಗೆ ಬೀಳುವುದಿಲ್ಲ, ತನ್ನ ಪಾದ ತನಗೆ ಕಾಣುವುದಿಲ್ಲ. ನಡಿಗೆ ಬೇಗ ಬರುವ ಬದಲು ತಡವಾಗಬಹುದು. ಮೆಟ್ಟಿಲಿನಿಂದ ಉರುಳುವ, ಬಿಸಿ ಪಾತ್ರೆಗೆ ಕೈ ಚಾಚುವ ಅಪಾಯಕ್ಕಾಗಿಯೇ ಕೆನಡಾ 2004ರಲ್ಲಿ ಇದರ ಮಾರಾಟ ನಿಷೇಧಿಸಿತು. ಅದರ ಬದಲು ಚನ್ನಪಟ್ಟಣದ ಕಡೆ ಸಿಗುವ ಮೂರು ಚಕ್ರದ ಮರದ ತಳ್ಳುಗಾಡಿ ಒಳ್ಳೆಯದು. ಇಲ್ಲಿ ಮಗು ತನ್ನ ಕಾಲ ಮೇಲೆ ತಾನೇ ನಿಂತು ತಳ್ಳಬೇಕು. ತೊಂದರೆ ಒಂದೇ: ನುಣುಪು ಟೈಲ್ಸ್ ಮೇಲೆ ಗಾಡಿ ಮುಂದೋಡಿ ಮಗು ಮುಗ್ಗರಿಸುತ್ತದೆ. ಕೆಳಗಿನ ಅಡ್ಡಪಟ್ಟಿಗೆ ಒಂದೆರಡು ಕಿಲೋ ಅಕ್ಕಿಯ ಚೀಲ ಬಿಗಿಯಾಗಿ ಕಟ್ಟಿ, ಚಕ್ರಕ್ಕೆ ರಬ್ಬರ್ ಪಟ್ಟಿ ಸುತ್ತಿದರೆ ಓಟ ನಿಧಾನವಾಗುತ್ತದೆ. ಹೊಸ್ತಿಲಿಗೆ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಒಂದೇ ಕೋಣೆಯಲ್ಲಿ ಓಡಿಸಲಿ.

ಒಳಗೆ ಬರಿಗಾಲೇ ಸರಿ. ಕಾಲುಚೀಲ ಹಾಕಿದರೆ ಗ್ರಾನೈಟ್ ಮೇಲೆ ಜಾರುತ್ತದೆ. ಎಣ್ಣೆಸ್ನಾನದ ದಿನ ಅಂಗಾಲಿಗೆ ಇನ್ನೊಮ್ಮೆ ಕಡಲೆಹಿಟ್ಟು ಹಾಕಿ ತೊಳೆದು, ಒರೆಸಿ ಇಳಿಸಿ. ಆ ದಿನ ಬೀಳುವುದು ಹೆಚ್ಚಾದರೆ ಕಾರಣ ಬಹುಶಃ ಅದೇ. ಉಚ್ಚೆ ತುಂಬಿದ ದಪ್ಪ ಡೈಪರ್ ಕಾಲುಗಳನ್ನು ಅಗಲ ಮಾಡಿ ನಡಿಗೆ ಕೆಡಿಸುತ್ತದೆ. ಬೆಳಗ್ಗೆ ಸಂಜೆ ಒಂದೊಂದು ಗಂಟೆ ಬರೀ ಚಡ್ಡಿಯಲ್ಲಿ ಬಿಟ್ಟು, ಒರೆಸುವ ಬಟ್ಟೆ ಹತ್ತಿರವಿಟ್ಟುಕೊಂಡರಾಯಿತು. ಹೊರಗೆ ಹೋಗಲು ಚಪ್ಪಲಿ ಬೇಕಾದಾಗ ಮಗುವನ್ನು ಕಾಗದದ ಮೇಲೆ ನಿಲ್ಲಿಸಿ ಎರಡೂ ಪಾದದ ಗೆರೆ ಎಳೆಯಿರಿ, ಉದ್ದದ ಬೆರಳಿನಿಂದ ಮುಂದಕ್ಕೆ ಒಂದು ಸೆಂಟಿಮೀಟರ್ ಬಿಟ್ಟು ಅಳತೆ ತೆಗೆದುಕೊಳ್ಳಿ. ಅಟ್ಟೆ ಬೆರಳುಗಳ ಹತ್ತಿರ ಸುಲಭವಾಗಿ ಬಾಗಬೇಕು. ಕಾಲ್ಗೆಜ್ಜೆ ಹಾಕುವುದಾದರೆ ಗೆಜ್ಜೆಗಳನ್ನು ವಾರಕ್ಕೊಮ್ಮೆ ಜಗ್ಗಿ ನೋಡಿ, ಸಡಿಲವಾದದ್ದು ಬಾಯಿಗೆ ಹೋಗುತ್ತದೆ.

ಬೀಳುವುದಕ್ಕೆ ಹೆದರಬೇಡಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು 12ರಿಂದ 19 ತಿಂಗಳ ಮಕ್ಕಳನ್ನು ಗಮನಿಸಿ 2012ರಲ್ಲಿ ಕೊಟ್ಟ ಲೆಕ್ಕ ಇದು: ಗಂಟೆಗೆ ಸರಾಸರಿ 2,368 ಹೆಜ್ಜೆ, 17 ಸಲ ಬೀಳು. ಮಗು ಬಿದ್ದಾಗ "ನೆಲಕ್ಕೆ ಹೊಡೀತೀನಿ ನೋಡು" ಎಂದು ನೆಲ ಬಡಿಯುವುದು ನಮ್ಮಲ್ಲಿ ರೂಢಿ. ಅದರ ಬದಲು "ಬಿದ್ಯಾ ಕಂದ? ಕಾಲು ಜಾರ್ತಾ? ಏಳು" ಎನ್ನಿ. ಅನೇಕ ಮಕ್ಕಳ ಮೊದಲ ಮಾತುಗಳಲ್ಲಿ "ಬಿತ್ತು" ಇರುವುದು ಸುಮ್ಮನಲ್ಲ, ದಿನವಿಡೀ ಕಣ್ಣೆದುರೇ ನಡೆಯುವ ಸಂಗತಿ ಅದು. ತಲೆಗೆ ಪೆಟ್ಟಾದ ಮೇಲೆ ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕಿವಿ ಮೂಗಿನಿಂದ ನೀರು ಅಥವಾ ರಕ್ತ, ಪ್ರಜ್ಞೆ ತಪ್ಪುವುದು, ಇವುಗಳಲ್ಲಿ ಒಂದು ಕಂಡರೂ ಕಾಯದೆ ಆಸ್ಪತ್ರೆಗೆ ಹೊರಡಿ.

ನಿಜಕ್ಕೂ ಹೆದರಬೇಕಾದದ್ದು ಬೇರೆ. ಸಂಪಿನ ಮುಚ್ಚಳಕ್ಕೆ ಬೀಗ ಬೇಕು, ಕಲ್ಲು ಇಟ್ಟರೆ ಸಾಲದು. ಬಚ್ಚಲಲ್ಲಿ ಬಕೆಟ್ ಖಾಲಿ ಮಾಡಿ ಬೋರಲು ಹಾಕಿ, ಬಾಗಿಲಿಗೆ ಮೇಲಿನ ಚಿಲಕ ಹಾಕಿ. ಮಗು ತಲೆಕೆಳಗಾಗಿ ಬಿದ್ದರೆ ನಾಲ್ಕು ಬೆರಳು ನೀರಲ್ಲೂ ಉಸಿರು ಕಟ್ಟುತ್ತದೆ. ಸಾರಿನ ಪಾತ್ರೆಯನ್ನು ನೆಲದ ಮೇಲಿಟ್ಟು ಬಡಿಸುವ ಮನೆಗಳಲ್ಲಿ ಮಗು ಮಲಗಿದ ಮೇಲೆ ಊಟ, ಇಲ್ಲವೇ ಮೇಜಿನ ಮೇಲೆ. ಈಳಿಗೆ ಮಣೆ ಗೂಟಕ್ಕೆ ನೇತುಹಾಕಿ. ಫಿನಾಯಿಲ್, ಸೊಳ್ಳೆ ದ್ರಾವಣ, ಅಜ್ಜಿ ತಾತನ ಬಿಪಿ ಸಕ್ಕರೆ ಮಾತ್ರೆಗಳು ದೊಡ್ಡವರ ಎದೆಯೆತ್ತರಕ್ಕಿಂತ ಮೇಲೆ, ಬೀಗದೊಳಗೆ. ರಿಮೋಟಿನ ಗುಂಡಿ ಬ್ಯಾಟರಿ ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು, ವಾಂತಿ ಮಾಡಿಸಲು ಹೋಗದೆ ನೇರ ದೊಡ್ಡಾಸ್ಪತ್ರೆಗೆ ಓಡಿ. ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಇಡೀ ದ್ರಾಕ್ಷಿ ನಾಲ್ಕು ವರ್ಷದವರೆಗೆ ಬೇಡ.

ಇಷ್ಟು ಮಾಡಿದ ಮೇಲೆ "ಮುಟ್ಟಬೇಡ" ಎಂಬ ಮಾತು ದಿನಕ್ಕೆ ಹತ್ತಾರು ಸಲ ಕಡಿಮೆಯಾಗುತ್ತದೆ, ಬೇರೆ ಮಾತಿಗೆ ಎಡೆ ಸಿಗುತ್ತದೆ. ಅಡುಗೆಮನೆಯ ಅತಿ ಕೆಳಗಿನ ಒಂದು ಖಾನೆಯನ್ನು ಮಗುವಿಗೇ ಬಿಟ್ಟುಕೊಡಿ. ಸ್ಟೀಲ್ ಲೋಟ, ಮರದ ಸೌಟು, ಕಡಗೋಲು, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ಒಂದು ತೆಂಗಿನ ಚಿಪ್ಪು. ಒಂದು ಹೊತ್ತಿಗೆ ಐದಾರು ಸಾಮಾನು ಸಾಕು, ವಾರಕ್ಕೊಮ್ಮೆ ಎರಡು ಬದಲಿಸಿ. ಮಗು ಸೌಟು ತಂದು ಮುಖ ನೋಡಿದಾಗ ಕೆಲಸ ನಿಲ್ಲಿಸಿ ಅದರ ಮಟ್ಟಕ್ಕೆ ಕೂತು "ಸೌಟು! ಮರದ ಸೌಟು" ಎಂದು ಹೇಳಿ ವಾಪಸ್ ಕೊಡಿ. ಆಮೇಲೆ ಸುಮ್ಮನಿರಿ, ಮನಸ್ಸಿನಲ್ಲೇ ಐದು ಎಣಿಸುವಷ್ಟು ಹೊತ್ತು. ಎಲ್ಲಕ್ಕಿಂತ ಕಷ್ಟದ್ದು ಈ ಸುಮ್ಮನಿರುವುದೇ. ಮನೆ ತುಂಬ ಜನರಿದ್ದರೆ ಮಗುವಿನ ಸರದಿಯನ್ನು ಯಾರಾದರೊಬ್ಬರು ಕಸಿದುಕೊಂಡೇಬಿಡುತ್ತಾರೆ. "ಇದೇನು? ಹೇಳು, ಹೇಳು ಪುಟ್ಟ" ಎಂದು ಪರೀಕ್ಷೆ ಮಾಡಿದರೆ ಮಗು ಸಾಮಾನು ಬಿಸಾಕಿ ಹೋಗುತ್ತದೆ.

ಬೇಕಾದದ್ದಕ್ಕೆ ಬೆರಳು ತೋರಿಸಿದ ತಕ್ಷಣ ಕೊಟ್ಟುಬಿಡಬೇಡಿ, ಹಾಗೆಂದು ಮಾತು ಬರುವ ತನಕ ಸತಾಯಿಸಲೂ ಬೇಡಿ. ಎರಡು ಕೈಯಲ್ಲಿ ಎರಡು ಹಿಡಿದು "ಹಾಲು ಬೇಕಾ, ನೀರು ಬೇಕಾ?" ಎಂದು ಕೇಳಿ, ಐದು ಎಣಿಸಿ, ಯಾವ ಸದ್ದು ಬಂದರೂ ಕೊಡಿ. "ನೀಯಿ" ಎಂದರೆ ಅದೂ ಮಾತೇ. ರ, ಳ, ಶ ಬಾಯಿಗೆ ಹೊರಳಲು ವರ್ಷಗಳೇ ಬೇಕು. "ಕಾಗೆ"ಯನ್ನು "ತಾದೆ" ಎನ್ನುವುದು ಈ ವಯಸ್ಸಿಗೆ ಸಹಜ. ತಿದ್ದಿಸಿ ಹೇಳಿಸುವುದಕ್ಕಿಂತ ಸರಿಯಾದ ರೂಪವನ್ನು ನಾವೇ ಹೇಳಿಬಿಡುವುದು ಮೇಲು. ಮಗು "ಅಪ್ಪ ಹೋಯ್ತು" ಎಂದರೆ "ಹೌದು, ಅಪ್ಪ ಆಫೀಸಿಗೆ ಹೋದ್ರು". "ಬಾಲ್ ಬಿತ್ತು" ಎಂದರೆ "ಬಾಲ್ ಕೆಳಗೆ ಬಿತ್ತು, ಮಂಚದ ಕೆಳಗೆ". ಒಂದೋ ಎರಡೋ ಮಾತು ಸೇರಿಸಿದರೆ ಸಾಕು. ಮಮ್ಮು, ತಾಚಿ, ಬೌಬೌ, ಟಾಟಾ ಎನ್ನಬೇಡಿ ಎಂದು ಕೆಲವರು ಗದರುತ್ತಾರೆ. ನನಗೆ ಅದರಲ್ಲಿ ದೋಷ ಕಾಣುವುದಿಲ್ಲ, ಮಗುವಿನ ತುಟಿಗೆ ಒಗ್ಗುವ ಸದ್ದುಗಳವು. ಜೊತೆಗೆ ಊಟ, ನಿದ್ದೆ, ನಾಯಿ ಎಂಬ ಮಾತುಗಳೂ ಕಿವಿಗೆ ಬೀಳುತ್ತಿರಲಿ.

ಮನೆಯಲ್ಲಿ ತೆಲುಗು ಅಥವಾ ತುಳು, ಬೀದಿಯಲ್ಲಿ ಕನ್ನಡ ಎಂದಾದರೆ ಮಾತು ತಡವಾಗುತ್ತದೆಂದು ಒಂದು ಭಾಷೆ ಬಿಡಬೇಡಿ. ಮಗುವಿಗೆ ಎಷ್ಟು ಮಾತು ಬರುತ್ತದೆಂದು ಲೆಕ್ಕ ಹಾಕುವಾಗ ಎಲ್ಲ ಭಾಷೆಯ ಮಾತನ್ನೂ ಕೂಡಿಸಿ. ಬಿಡಬೇಕಾದದ್ದು ಯಾರೂ ನೋಡದಿದ್ದರೂ ಓಡುತ್ತಿರುವ ಟೀವಿ, ತುತ್ತಿಗೊಂದು ಮೊಬೈಲ್ ವಿಡಿಯೋ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಎರಡು ವರ್ಷದೊಳಗೆ ಪರದೆಯೇ ಬೇಡ ಎನ್ನುತ್ತದೆ, ದೂರದ ಬಂಧುಗಳ ಜೊತೆ ವಿಡಿಯೋ ಕರೆಗೆ ಮಾತ್ರ ವಿನಾಯಿತಿ. ಮಾತು ಬೇಗ ಬರಲೆಂದು ಬಜೆ ತೇಯ್ದು ನಾಲಿಗೆಗೆ ಹಚ್ಚುವುದೂ ಬೇಡ. ಅದರಲ್ಲಿರುವ ಅಸರೋನ್ ಎಂಬ ಅಂಶ ವಾಂತಿ ತರಿಸಬಲ್ಲದು. ಒಂದು ವರ್ಷ ತುಂಬುವ ಮೊದಲು ಜೇನೂ ಬೇಡ. ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಅವರಿಗೆ ಮಗುವಿನ ಕೈ ಹಿಡಿದು "ಆನೆ ಬಂತೊಂದಾನೆ" ಹೇಳುವ ಕೆಲಸ ಕೊಟ್ಟರೆ ಎಲ್ಲರಿಗೂ ಲಾಭ. ಕೊನೆಯ ಮಾತಿಗೆ ಮೊದಲು ನಿಲ್ಲಿಸಿ ಮಗುವಿನ ಮುಖ ನೋಡಲು ಹೇಳಿ.

ಯಾವಾಗ ಕಾಯಬಾರದು? 18 ತಿಂಗಳಾದರೂ ಹಿಡಿಯದೆ ನಡೆಯದಿದ್ದರೆ, ಒಂದು ಕಾಲನ್ನೇ ಎಳೆಯುತ್ತಿದ್ದರೆ, 18 ತಿಂಗಳಿಗೆ ಮೊದಲೇ ಒಂದೇ ಕೈಯನ್ನು ಬಳಸುತ್ತ ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮಾತಿನಲ್ಲಿ, ಹೆಸರು ಕರೆದರೆ ತಿರುಗದಿರುವುದು, 15 ತಿಂಗಳಾದರೂ ಬೆರಳು ತೋರಿಸದಿರುವುದು, 18 ತಿಂಗಳಿಗೆ ಅಪ್ಪ ಅಮ್ಮ ಬಿಟ್ಟು ಮೂರು ಮಾತಾದರೂ ಇಲ್ಲದಿರುವುದು, ಎರಡು ವರ್ಷಕ್ಕೆ "ಅಮ್ಮ ಬಾ" ಎಂಬಂತೆ ಎರಡು ಮಾತು ಜೋಡಿಸದಿರುವುದು. ಬಂದ ಮಾತು ಹೋಗಿಬಿಟ್ಟರೆ ಯಾವ ವಯಸ್ಸಾದರೂ ಕೂಡಲೇ ತೋರಿಸಿ. "ಇವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು" ಎಂಬ ಸಮಾಧಾನಕ್ಕೆ ತಿಂಗಳು ಕಳೆಯಬೇಡಿ.

ಮೊದಲ ಪರೀಕ್ಷೆ ಕಿವಿಯದು, ಹುಟ್ಟಿದಾಗ ಪಾಸಾಗಿದ್ದರೂ ಸರಿ. 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ಒಂದೇ ಕಡೆ ನೋಡುತ್ತಾರೆ. ಹೋಗುವಾಗ ತಾಯಿ ಕಾರ್ಡು, ಮಗು ಹೇಳುವ ಮಾತುಗಳ ಪಟ್ಟಿ (ಅದು ಹೇಳುವ ಹಾಗೆಯೇ ಬರೆದದ್ದು), ಬರಿಗಾಲಲ್ಲಿ ನಡೆಯುವ ಎರಡು ನಿಮಿಷದ ವಿಡಿಯೋ, ಮುಂದಿನಿಂದ ಒಂದು, ಪಕ್ಕದಿಂದ ಒಂದು, ಇಟ್ಟುಕೊಂಡಿರಿ. ಹೊಸ ಜಾಗದಲ್ಲಿ ಮಗು ಬಾಯಿ ಬಿಡದೆ ಮಡಿಲಲ್ಲೇ ಕೂರುವುದರಿಂದ ಈ ಪಟ್ಟಿ, ವಿಡಿಯೋಗಳೇ ಕೆಲಸಕ್ಕೆ ಬರುತ್ತವೆ. ಬೆರಾ ಪರೀಕ್ಷೆ (ಸದ್ದಿಗೆ ಕಿವಿಯ ನರ, ಮಿದುಳು ಹೇಗೆ ಸ್ಪಂದಿಸುತ್ತವೆ ಎಂದು ನೋಡುವುದು) ಬರೆದುಕೊಟ್ಟರೆ ಮಗು ನಿದ್ದೆಯಲ್ಲಿರಬೇಕು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಬಸ್ಸಿನಲ್ಲೋ ಕಾರಿನಲ್ಲೋ ತೂಕಡಿಸಲು ಬಿಡದೆ ಕರೆದೊಯ್ದು, ಹೊಟ್ಟೆಗೆ ಅಲ್ಲೇ ಕೊಡಿ. ನಿದ್ದೆಗೆ ಔಷಧಿ ಕೊಡುವ ಸಂದರ್ಭವಿದ್ದರೆ ಎಷ್ಟು ಹೊತ್ತು ಏನೂ ತಿನ್ನಿಸಬಾರದು ಎಂದು ಮೊದಲೇ ಕೇಳಿಟ್ಟುಕೊಳ್ಳಿ.